ಸೈಕಲ್ಲು ಕಲಿಸಿದ ಪಾಠ

ಕಳೆದ ವಾರ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನು ಮಾಡಿ, "ಗುರುಗಳೇ, ಮಗನಿಗೆ ಸೈಕಲ್ ಕಲಿಸುವುದು ಹೇಗೆ?" ಎಂದು ಕೇಳಿದಳು. ನನಗೆ ನಗು ಬಂತು. ಅವಳಿಗೇ ಸೈಕಲ್ ಕಲಿಸಲು ಹೋಗಿ ಸೋತವನು ನಾನು!

ನಾನು ಕಲಿತದ್ದು 1964ರ ಬೇಸಿಗೆಯಲ್ಲಿ, ತಿಕೋಟಾದಲ್ಲಿ. ತಾಸಿಗೆ ನಾಲ್ಕಾಣೆ ಬಾಡಿಗೆ. ಸೀಟಿನ ಮೇಲೆ ಕುಳಿತರೆ ಕಾಲು ಎಟಕುತ್ತಿರಲಿಲ್ಲವಾದ್ದರಿಂದ, ನಡುವಿನ ದಂಡದ ಕೆಳಗಿನಿಂದ ಕಾಲು ತೂರಿಸಿ 'ಕತ್ತರಿ' ಹೊಡೆಯಬೇಕಿತ್ತು. ಅಣ್ಣ ಒಂದು ಮಾತನ್ನೂ ಹೇಳಿಕೊಡಲಿಲ್ಲ. ಕ್ಯಾರಿಯರ್ ಹಿಡಿದು ಹಿಂದೆ ಓಡಿದ. ಯಾವಾಗಲೋ ಕೈ ಬಿಟ್ಟ. ಎರಡು ದಿನ ಜಾಲಿಮುಳ್ಳಿನಲ್ಲಿ ಬಿದ್ದೆ. ಮೂರನೆಯ ದಿನ ಬೀಳಲಿಲ್ಲ.

ಸೈಕಲ್ಲಿನ ಇತಿಹಾಸವೂ ಸ್ವಾರಸ್ಯಕರವಾದುದು. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಓಡಿಸಿದ ಎರಡು ಗಾಲಿಯ ವಾಹನಕ್ಕೆ ಪೆಡಲೇ ಇರಲಿಲ್ಲ. ಸವಾರನು ನೆಲವನ್ನು ಕಾಲಿನಿಂದ ಒದ್ದು ಮುಂದೆ ಸಾಗುತ್ತಿದ್ದ. ಪೆಡಲಿನ ಸೈಕಲ್ ಬಳಕೆಗೆ ಬಂದದ್ದು 1860ರ ದಶಕದಲ್ಲಿ. ಎಂದರೆ ಮನುಷ್ಯ ಮೊದಲು ತೋಲ ಕಲಿತ, ತುಳಿಯುವುದನ್ನು ಆಮೇಲೆ ಕಲಿತ. ವಿಮಾನ ಹಾರಿಸುವ ಮುನ್ನ ಸೈಕಲ್ ಅಂಗಡಿ ನಡೆಸುತ್ತಿದ್ದ ವಿಲ್ಬರ್ ರೈಟ್, ಎಡಕ್ಕೆ ತಿರುಗಬೇಕಾದರೆ ಮೊದಲು ಏನು ಮಾಡುವಿರೆಂದು ಹಲವಾರು ಸವಾರರನ್ನು ಕೇಳಿದ್ದನಂತೆ. ಹ್ಯಾಂಡಲನ್ನು ಎಡಕ್ಕೆ ತಿರುಗಿಸುವೆವೆಂದೇ ಅವರ ಉತ್ತರ. ವಾಸ್ತವದಲ್ಲಿ ಹ್ಯಾಂಡಲು ಕ್ಷಣಕಾಲ ಬಲಕ್ಕೆ ಹೊರಳುತ್ತದೆ. ಆಗ ಸೈಕಲ್ ಎಡಕ್ಕೆ ವಾಲುತ್ತದೆ. ತಿರುವು ಆ ಬಳಿಕ. ನಿತ್ಯ ಮಾಡುವ ಕೆಲಸವೇ ಅವರ ಅರಿವಿಗೆ ಬಂದಿರಲಿಲ್ಲ.

ನನಗಾದರೂ ಎಲ್ಲಿ ಬಂದಿತ್ತು? 2006-07ರಲ್ಲಿ ಸರಕಾರವು ಎಂಟನೆಯ ತರಗತಿಯ ಬಡ ಬಾಲಕಿಯರಿಗೆ ಉಚಿತ ಸೈಕಲ್ ಕೊಡತೊಡಗಿದಾಗ ನಾನು ಬಬಲೇಶ್ವರದ ಕಡೆಯ ಶಾಲೆಯೊಂದರಲ್ಲಿದ್ದೆ. ಮೈದಾನದಲ್ಲಿ ನಿಂತು, "ಹ್ಯಾಂಡಲ್ ಬಿಗಿಯಾಗಿ ಹಿಡಿ, ನೇರವಾಗಿರಲಿ" ಎಂದು ವ್ಯಾಕರಣ ಪಾಠದಂತೆ ಕೂಗಿದೆ. ವಾಲುವ ಕಡೆಗೇ ಗಾಲಿಯನ್ನು ತಿರುಗಿಸಿದರೆ ಮಾತ್ರ ಸೈಕಲ್ ನಿಲ್ಲುತ್ತದೆ. ನಾನು ಹೇಳಿದ್ದು ಅದಕ್ಕೆ ತದ್ವಿರುದ್ಧ! ಹುಡುಗಿ ಆಜ್ಞೆ ಪಾಲಿಸಿದಳು, ಬಿದ್ದಳು. ಮೊಣಕೈ ಕಿತ್ತು ರಕ್ತ ಬಂತು. ಇನ್ನು ಸೈಕಲ್ ಮುಟ್ಟೆನೆಂದು ಅತ್ತಳು. ಆಕೆಯ ಹಳ್ಳಿ ದೂರ. ಸೈಕಲ್ ಬಿಟ್ಟರೆ ಶಾಲೆಯನ್ನೇ ಬಿಡಬೇಕಾಗಿತ್ತು. ಕೊನೆಗೆ ಅವಳ ಗೆಳತಿ, ಸಣ್ಣ ಇಳಿಜಾರಿನಲ್ಲಿ ಪೆಡಲ್ ಮುಟ್ಟಗೊಡದೆ ಉರುಳಲು ಬಿಟ್ಟು, ಎರಡೇ ಸಂಜೆಗಳಲ್ಲಿ ಕಲಿಸಿದಳು. ರಾಷ್ಟ್ರಮಟ್ಟದ ಸೈಕ್ಲಿಸ್ಟರನ್ನು ಕೊಟ್ಟ ಜಿಲ್ಲೆಯ ಮೇಷ್ಟ್ರು ನಾನು, ನಾಚಿಕೆಯಿಂದ ನೋಡಿದೆ.

ಇಂಥ ಕಲಿಕೆ ನೆನಪಿನಲ್ಲಿ ಬೇರೆಯೇ ಮನೆ ಮಾಡಿಕೊಂಡಿರುತ್ತದೆ. ಕೆನಡಾದ ಬ್ರೆಂಡಾ ಮಿಲ್ನರ್ 1962ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮೆದುಳಿನ ಶಸ್ತ್ರಚಿಕಿತ್ಸೆಯಾದ ಮೇಲೆ ಹೊಸದೇನನ್ನೂ ನೆನಪಿಡಲಾರದ ರೋಗಿಗೆ, ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಚಿತ್ರವನ್ನು ತಿದ್ದಿಸಲಾಯಿತು. ಹಿಂದೆ ಎಂದಾದರೂ ತಿದ್ದಿದ ನೆನಪು ಆತನಿಗಿಲ್ಲ. ಆದರೆ ದಿನದಿಂದ ದಿನಕ್ಕೆ ತಪ್ಪುಗಳು ಕಡಿಮೆಯಾದವು.

ಇದನ್ನು ಓದಿದಾಗ ನನಗೆ ಅಣ್ಣನದೇ ನೆನಪು. ಅವನಿಗೀಗ ಮರೆವಿನ ಕಾಯಿಲೆ. ವಿಜಯಪುರದ ಮನೆಗೆ ಹೋದರೆ ಒಮ್ಮೊಮ್ಮೆ ನನ್ನ ಹೆಸರೂ ಹೊಳೆಯುವುದಿಲ್ಲ. ದೀಪಾವಳಿಯಲ್ಲಿ ಅಂಗಳದಲ್ಲಿ ಮೊಮ್ಮಗ ಸೈಕಲ್ ಹತ್ತಿ ತೂರಾಡಿದ. ಕುರ್ಚಿಯಲ್ಲಿದ್ದ ಅಣ್ಣ ಯಾರೂ ಕರೆಯದೆಯೇ ಎದ್ದು ಕ್ಯಾರಿಯರ್ ಹಿಡಿದ. ನಾಲ್ಕು ಹೆಜ್ಜೆ ನಡೆದು, ಕೈ ಬಿಟ್ಟ. ಹುಡುಗ ಗೇಟಿನವರೆಗೂ ಹೋದ.

ವಿದ್ಯಾರ್ಥಿನಿಗೆ ಹೇಳಿದ್ದು ಇಷ್ಟೇ: ಪೆಡಲ್ ಬಿಚ್ಚಿಸು, ಎರಡೂ ಕಾಲು ನೆಲಕ್ಕೆ ಊರುವಂತೆ ಸೀಟು ಇಳಿಸು, ನೀನು ಸುಮ್ಮನಿರು.