ಸಿಹಿಕುಂಬಳವೂ ಹೊರನಾಡಿನದೇ

ಶರತ್ಕಾಲ ಬಂತೆಂದರೆ ಉಂಟರ್‌ಫ್ಯೋರಿಂಗಿನ ನಮ್ಮ ಕನ್ನಡ ಮನೆಗಳಲ್ಲಿ ಸಿಹಿಕುಂಬಳದ ಅಡುಗೆ ಶುರು. ನಮ್ಮ ನವರಾತ್ರಿಯೂ ಇಲ್ಲಿಯವರ ಸುಗ್ಗಿ ಹಬ್ಬವಾದ ಎರ್ನ್‌ಟೆಡಾಂಕೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತವೆ. ಆಗ ನಮ್ಮ ಹಿರಿಯರ ಮಾತೊಂದು ಕೇಳಿಬರುವುದುಂಟು: "ಇದು ನಮ್ಮೂರ ಕುಂಬಳವಲ್ಲ, ನಮ್ಮೂರ ರುಚಿ ಎಲ್ಲಿಂದ ಬರಬೇಕು?" ಇಲ್ಲಿಯೇ ಹುಟ್ಟಿದ ಮಕ್ಕಳು ಆ ಅಡುಗೆಯನ್ನು ತಮ್ಮದೆನ್ನಬಹುದೇ ಎಂಬ ಪ್ರಶ್ನೆಯೂ ಇದರಲ್ಲಿ ಅಡಗಿದೆ. ಇತಿಹಾಸವನ್ನೇ ಕೇಳಿ ನೋಡೋಣ.

ಈಸಾರ್ ನದಿಗೆ ಫ್ಯೋರಿಂಗಿನಲ್ಲಿದ್ದ ಸೇತುವೆಯ ಮೇಲೆ ಹಿಂದೆ ಉಪ್ಪಿನ ಗಾಡಿಗಳು ದಾಟುತ್ತಿದ್ದವು. ಆ ಸೇತುವೆ, ಸುಂಕಗಳ ವ್ಯಾಜ್ಯ 1158ರಲ್ಲಿ ಇತ್ಯರ್ಥವಾದಲ್ಲಿಂದ ಮ್ಯೂನಿಕ್ ನಗರದ ಚರಿತ್ರೆ ಆರಂಭವಾಗುತ್ತದೆ. ಸರಿಸುಮಾರು ಅದೇ ಕಾಲಕ್ಕೆ ಕಲ್ಯಾಣದಲ್ಲಿ ಬಿಜ್ಜಳನ ಆಳ್ವಿಕೆ, ಬಸವಣ್ಣನವರ ದಾಸೋಹ. ಆ ದಾಸೋಹದಲ್ಲಾಗಲಿ ಫ್ಯೋರಿಂಗಿನ ಒಲೆಯ ಮೇಲಾಗಲಿ ಸಿಹಿಕುಂಬಳ ಬೆಂದಿರಲು ಸಾಧ್ಯವಿಲ್ಲ. ಅದು ಅಮೆರಿಕ ಖಂಡದ ಬೆಳೆ. 1492ರ ನಂತರವೇ ಕಡಲು ದಾಟಿತು. ಅದಕ್ಕೆ ಮೊದಲು ನಮ್ಮವರ ಕುಂಬಳವೆಂದರೆ ಬೂದುಗುಂಬಳ.

ಬವೇರಿಯದ ವೆಂಡಿಂಗಿನಲ್ಲಿ ಹುಟ್ಟಿದ ಲಿಯೊನ್‌ಹಾರ್ಟ್ ಫುಕ್ಸ್ ಎಂಬ ವೈದ್ಯ 1542ರ ತನ್ನ ಸಸ್ಯಗ್ರಂಥದಲ್ಲಿ ಈ ಕುಲದ ಕಾಯಿಯ ಚಿತ್ರ ಕೊಟ್ಟು, ಅದನ್ನು 'ಟರ್ಕಿಯ ಸೌತೆ' ಎಂದು ಕರೆದ. ನಮ್ಮ ಕಡೆ, ಪೋರ್ಚುಗೀಸರು 1510ರಲ್ಲಿ ಗೋವೆಯಲ್ಲಿ ನೆಲೆಯೂರಿದ ಬಳಿಕ ಅಮೆರಿಕದ ಬೆಳೆಗಳು ಒಂದೊಂದಾಗಿ ಬಂದವು. ಬಯಲುಸೀಮೆಯವರು ಹಳೆಯ ಕುಂಬಳದ ಹೆಸರಿಗೇ 'ಸಿಹಿ' ಸೇರಿಸಿದರು. ಕರಾವಳಿ, ಮಲೆನಾಡುಗಳಲ್ಲಿ ಅದು ಚೀನಿಕಾಯಿಯಾಯಿತು. ಗೊಜ್ಜಿಗೆ ಹಾಕುವ ಒಣಮೆಣಸಿನಕಾಯಿಯೂ ಹೀಗೆ ಬಂದ ನೆಂಟನೇ.

ಹೊಸ ಕಾಯಿಗೆ ಎರಡೂ ನಾಡಿನವರು ತಮಗೆ ತಿಳಿದ ಪಾಕವನ್ನೇ ಕಲಿಸಿದರು. ಜರ್ಮನರು ಹೋಳುಗಳನ್ನು ವಿನೆಗರ್, ಸಕ್ಕರೆ, ಲವಂಗ, ದಾಲ್ಚಿನ್ನಿ ಹಾಕಿ ಸಿಹಿಹುಳಿಯಾಗಿ ಬಾಟಲಿಯಲ್ಲಿ ತುಂಬಿಟ್ಟರು. ನಮ್ಮವರು ಹುಣಸೆ, ಬೆಲ್ಲ ಹಾಕಿ ಗೊಜ್ಜು ಮಾಡಿದರು. ಕರಾವಳಿಯವರು ಬೆಳ್ಳುಳ್ಳಿ ಒಗ್ಗರಣೆಯ ಕೊದ್ದೆಲ್ ಮಾಡಿದರೆ, ಉತ್ತರ ಕರ್ನಾಟಕದವರು ತುರಿಯನ್ನು ಬೆಲ್ಲದೊಡನೆ ಬೇಯಿಸಿ, ಹಿಟ್ಟು ಕಲಸಿ, ತಟ್ಟಿ, ಎಣ್ಣೆಯಲ್ಲಿ ಗಾರಿಗೆ ಕರಿದರು.

ರುಚಿ ಬೇರೆಯೆನಿಸುವುದಕ್ಕೆ ಕಾರಣವೂ ಇದೆ. 1990ರ ದಶಕದಿಂದ ಜರ್ಮನಿಯಲ್ಲಿ ಮನೆಮಾತಾಗಿರುವ ಹೊಕ್ಕೈಡೊ ಕುಂಬಳ ಜಪಾನಿನಿಂದ ಬಂದದ್ದು. ಅದರಲ್ಲಿ ನೀರಿನಂಶ ಕಡಿಮೆ, ಸಿಪ್ಪೆಯನ್ನೂ ತಿನ್ನಬಹುದು; ದೋಸೆ, ಕಡುಬು, ಗಾರಿಗೆಗಳಿಗೆ ಅದೇ ಲೇಸು. ಹುಳಿ, ಗೊಜ್ಜುಗಳಿಗಾದರೆ ಸಂತೆಯಲ್ಲಿ ಹೋಳು ಮಾಡಿ ಮಾರುವ ಮುಸ್ಕಾಟ್ ಕುಂಬಳವನ್ನೋ ಬಟರ್‌ನಟ್ಟನ್ನೋ ಕೊಳ್ಳಿರಿ. ನಮ್ಮೂರಲ್ಲಿ ಸಾಮಾನ್ಯವಾಗಿ ಬೆಳೆಯುವ ಸಿಹಿಕುಂಬಳದ ಜಾತಿಗೇ ಸೇರಿದವು ಅವು.

ಹಾಗಾದರೆ ಹಿರಿಯರು ಹುಡುಕುವ ನಮ್ಮೂರ ರುಚಿ ಕಾಯಿಯೊಳಗಷ್ಟೇ ಇಲ್ಲ. ಕಡಲು ದಾಟಿ ಬಂದ ಕಾಯಿಯನ್ನು ನಮ್ಮ ಹಿಂದಿನವರು ತಮ್ಮದಾಗಿಸಿಕೊಂಡದ್ದು ಅಡುಗೆಮನೆಯಲ್ಲಿ. ನಮ್ಮ ಮಕ್ಕಳಿಗೂ ಆ ದಾರಿ ತೆರೆದೇ ಇದೆ. ಗಾರಿಗೆ, ಕೊದ್ದೆಲ್ ಎಂಬ ಹೆಸರುಗಳು ಅವರ ಬಾಯಲ್ಲಿ ಉಳಿಯದಿದ್ದರೆ ಮಾತ್ರ ನಷ್ಟ. ಈ ವಾರ್ಷಿಕೋತ್ಸವದ ವರ್ಷ ಪ್ರತಿ ಮನೆಯಲ್ಲೂ ಅಜ್ಜಿ ಹೇಳಿದ ಒಂದು ಕುಂಬಳದ ಅಡುಗೆಯನ್ನು ಮಕ್ಕಳ ಕೈಯಿಂದಲೇ ಕನ್ನಡದಲ್ಲಿ ಬರೆಸಿ, ಅವರ ಕೈಯಿಂದಲೇ ಮಾಡಿಸೋಣ.