ಲೈಟು ಉರಿಯುತ್ತದೆ, ನೆಟ್ ಬರುವುದಿಲ್ಲ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದಂಥ ತಾಲ್ಲೂಕು ಊರುಗಳಲ್ಲಿ ಕಂಪ್ಯೂಟರ್ ರಿಪೇರಿಯವರಿಗೆ ಬರುವ ದೂರು ಇಪ್ಪತ್ತು ವರ್ಷದಿಂದ ಬದಲಾಗಿಲ್ಲ: "ನೆಟ್ ಬರ್ತಿಲ್ಲ ಅಣ್ಣ, ಸ್ವಲ್ಪ ಬಂದು ನೋಡಿ." ಆದರೆ ಕಾರಣ ಮಾತ್ರ ಒಂದೇ ಕಡೆ ನಿಂತಿಲ್ಲ. ಮೊದಲು ಅದು ಬೀದಿ ಕಂಬದ ಮೇಲಿತ್ತು. ಆಮೇಲೆ ಪೆಟ್ಟಿಗೆಯೊಳಕ್ಕೆ ಬಂತು.

ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ತಾಲ್ಲೂಕು ಊರುಗಳಿಗೆ ಅದು ಬರಲು ವರ್ಷಗಳೇ ಹಿಡಿದವು. ಬಂದದ್ದೂ ಟೆಲಿಫೋನ್ ತಂತಿ ಹಿಡಿದೇ. ಆಗಿನ ಪರೀಕ್ಷೆ ಸರಳ: ರಿಸೀವರ್ ಎತ್ತಿ ಟೋನ್ ಇದೆಯೇ ಎಂದು ಕೇಳುವುದು. ಗರಗರ ಸದ್ದಿದ್ದರೆ ಲೈನ್‌ಮನ್ ಬರಬೇಕು. ಟೋನ್ ಚೆನ್ನಾಗಿದ್ದೂ ಮೋಡೆಮ್ ಕೂಗದಿದ್ದರೆ ಮುಂಗಾರಿಗೆ ಮುಂಚಿನ ಸಿಡಿಲು ಅದನ್ನು ಸುಟ್ಟಿದೆ ಎಂದರ್ಥ. ಮೋಡ ಕಟ್ಟಿದೊಡನೆ ಕರೆಂಟಿನ ಪ್ಲಗ್ ಕೀಳುತ್ತಿದ್ದವರೂ ಫೋನ್ ತಂತಿ ಕೀಳುವುದನ್ನು ಮರೆಯುತ್ತಿದ್ದರು.

ಸರ್ಕಾರಿ ಕಂಪ್ಯೂಟರಿಗೆ ಆಗಿನ್ನೂ ಈ ತಲೆನೋವಿರಲಿಲ್ಲ. ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆ ಮೊದಲು ಪ್ರಯೋಗಕ್ಕೆ ಬಂದದ್ದು ಇದೇ ಜಿಲ್ಲೆಯ ಮದ್ದೂರಿನಲ್ಲಿ. ಕೆಲವೇ ವರ್ಷಗಳಲ್ಲಿ ರಾಜ್ಯದ 177 ತಾಲ್ಲೂಕು ಕೇಂದ್ರಗಳಲ್ಲಿ, ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಯಂತ್ರದೊಳಗಾದವು. ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ. ಸರ್ವರ್ ತಾಲ್ಲೂಕು ಕಚೇರಿಯಲ್ಲೇ ಇದ್ದುದರಿಂದ ಹೊರಗಿನ ನೆಟ್ ಸತ್ತರೂ ಪಹಣಿ ಬರುತ್ತಿತ್ತು. ಕಿಕ್ಕೇರಿ, ಚಿನಕುರಳಿ, ಬಿಂಡಿಗನವಿಲೆಯಂಥ ಹೋಬಳಿ ಊರುಗಳ ಮಟ್ಟಕ್ಕೆ ನೆಮ್ಮದಿ ಕೇಂದ್ರಗಳು ಇಳಿದ ಮೇಲೆ "ಸರ್ವರ್ ಇಲ್ಲ" ಎಂಬ ಮಾತು ರೈತರ ಬಾಯಿಗೂ ಬಂತು.

ತಂತಿಯ ತಪ್ಪು ಪೆಟ್ಟಿಗೆಯೊಳಕ್ಕೆ ಜಾರಿದ್ದು 2003ರ ಆಗಸ್ಟ್‌ನಲ್ಲಿ. 11ನೇ ತಾರೀಖು ಕಾಣಿಸಿಕೊಂಡ ಬ್ಲಾಸ್ಟರ್ ಹುಳುವಿಗೆ ಯಾರೂ ಮೇಲ್ ತೆರೆಯಬೇಕಿರಲಿಲ್ಲ, ಯಾವುದನ್ನೂ ಒತ್ತಬೇಕಿರಲಿಲ್ಲ. ವಿಂಡೋಸ್ ಎಕ್ಸ್‌ಪಿ ಇದ್ದ ಯಂತ್ರ ನೆಟ್‌ಗೆ ಸೇರಿದರೆ ಸಾಕು, 135ನೇ ಪೋರ್ಟಿನಿಂದ ಒಳನುಗ್ಗುತ್ತಿತ್ತು. ಪರದೆಯ ಮೇಲೆ ಸಣ್ಣ ಕಿಟಕಿ ತೆರೆದು 60 ಸೆಕೆಂಡು ಎಣಿಸಿ ಕಂಪ್ಯೂಟರ್ ತಾನೇ ಆಫ್ ಆಗಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಇದಕ್ಕೆ ಬೇಕಾದ ತೇಪೆಯನ್ನು ಮೈಕ್ರೋಸಾಫ್ಟ್ ಜುಲೈ 16ರಂದೇ ಕೊಟ್ಟಿತ್ತು. ಡಯಲ್‌ಅಪ್‌ನವರು ಅದನ್ನು ಇಳಿಸಿಕೊಳ್ಳುವಷ್ಟರಲ್ಲಿ 60 ಸೆಕೆಂಡು ಮುಗಿದಿರುತ್ತಿತ್ತು. ತಿಳಿದವರು ಮೊದಲು ಫೋನ್ ತಂತಿ ಕಿತ್ತು, ರನ್ ಪೆಟ್ಟಿಗೆಯಲ್ಲಿ 'ಶಟ್‌ಡೌನ್ ಮೈನಸ್ ಎ' ಟೈಪಿಸಿ ಎಣಿಕೆ ನಿಲ್ಲಿಸಿ, ಫೈರ್‌ವಾಲ್ ಆನ್ ಮಾಡಿ ಆಮೇಲೆ ನೆಟ್‌ಗೆ ಹೋಗುತ್ತಿದ್ದರು. ಫೈರ್‌ವಾಲ್ ಎಕ್ಸ್‌ಪಿಯಲ್ಲಿ 2001ರಿಂದಲೂ ಇತ್ತು. ಆಫ್ ಮಾಡಿಟ್ಟೇ ಕೊಟ್ಟಿದ್ದರು! ತಮಾಷೆಯೆಂದರೆ, ಎಲ್ಲರೂ ಮೂಗು ಮುರಿಯುತ್ತಿದ್ದ ವಿಂಡೋಸ್ 98ರ ಡಬ್ಬಗಳಿಗೆ ಬ್ಲಾಸ್ಟರ್ ಏನೂ ಮಾಡಲಿಲ್ಲ.

ಮೈಕ್ರೋಸಾಫ್ಟ್ ಎಚ್ಚೆತ್ತು 2004ರ ಆಗಸ್ಟ್‌ನಲ್ಲಿ ಸರ್ವೀಸ್ ಪ್ಯಾಕ್ 2 ಹೊರತಂದಿತು. ಸುಮಾರು 266 ಎಂಬಿ. 56 ಕೆ ಮೋಡೆಮ್ ಒಂದು ಕ್ಷಣವೂ ಕಡಿಯದೆ ಪೂರ್ತಿ ವೇಗದಲ್ಲಿ ಓಡಿದರೂ ಹತ್ತು ಗಂಟೆ ಮೀರುವ ಬಾಬತ್ತು. ಸಿಡಿ ಹಂಚಿಕೊಳ್ಳುವುದೇ ಅಗ್ಗ. ಅದನ್ನು ಹಾಕಿದ ಮೇಲೆ ಫೈರ್‌ವಾಲ್ ತಾನಾಗಿಯೇ ಆನ್ ಆಗಿರುತ್ತಿತ್ತು, ಹೊಸ ದೂರುಗಳೂ ಅಲ್ಲಿಂದಲೇ ಶುರು. ವಿ.ಸಿ. ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿದ್ದರೂ ತೂಬು ಮುಚ್ಚಿದ್ದರೆ ಗದ್ದೆ ಒಣಗುವಂತೆ, ಲೈನ್ ಸರಿಯಿದ್ದೂ ಪಕ್ಕದ ಕಂಪ್ಯೂಟರಿನ ಪ್ರಿಂಟರ್ ಸಿಗದು, ಹಂಚಿಕೊಂಡ ಫೋಲ್ಡರ್ ತೆರೆಯದು. ಸರಿಯಾದ ಪೋರ್ಟ್ ಒಂದನ್ನೇ ತೆರೆಯುವ ತಾಳ್ಮೆ ಯಾರಿಗಿತ್ತು? ಹೆಚ್ಚಿನವರು ಫೈರ್‌ವಾಲನ್ನೇ ಆಫ್ ಮಾಡಿ ದುಡ್ಡು ಇಸಿದುಕೊಂಡರು.

2005ರಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾಒನ್ ಬ್ರಾಡ್‌ಬ್ಯಾಂಡ್ ಆರಂಭವಾಯಿತು. ಅದು ಊರಿಗೆ ಬಂದ ಮೇಲೆ ಮೋಡೆಮ್ಮಿನ ಲೈಟು ನೋಡಿ ರೋಗ ಹೇಳುವ ಕಲೆ ಬೆಳೆಯಿತು. ಡಿಎಸ್‌ಎಲ್ ಲೈಟು ಮಿಣುಕುತ್ತಿದ್ದರೆ ತಪ್ಪು ಕಂಬದ ಕಡೆ, ನಿಂತು ಉರಿದರೆ ಮುಂದೆ ಹುಡುಕಬೇಕು. ಕಂಪ್ಯೂಟರಿನ ಐಪಿ ವಿಳಾಸ 169.254ರಿಂದ ಶುರುವಾದರೆ ಅದಕ್ಕೆ ಮೋಡೆಮ್ಮಿನಿಂದ ವಿಳಾಸವೇ ಸಿಕ್ಕಿಲ್ಲ. ಮೋಡೆಮ್ಮಿಗೆ ಪಿಂಗ್ ಹೋಗಿ, ಹೊರಗಿನ ಅಂಕಿ ವಿಳಾಸಕ್ಕೂ ಹೋಗಿ, ಹೆಸರು ಹೊಡೆದಾಗ ಮಾತ್ರ ನಿಂತರೆ ಡಿಎನ್‌ಎಸ್ ಕೆಟ್ಟಿದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನವಂತೂ ಸೈಬರ್ ಸೆಂಟರಿನ ಪ್ರತಿ ಯಂತ್ರವೂ ಕೆಟ್ಟಂತೆ ಕಾಣುತ್ತಿತ್ತು. ಬೇರೊಂದು ತಾಣ ತೆರೆದು ತೋರಿಸಿ, ಅಪ್ಪಂದಿರನ್ನು ಸಮಾಧಾನ ಮಾಡಬೇಕಿತ್ತು.

ಪಾಠ ಬಲ್ಲವರಿಗೂ 2008ರ ಜುಲೈ ಚಳ್ಳೆಹಣ್ಣು ತಿನ್ನಿಸಿತು. ಡಿಎನ್‌ಎಸ್ ದೋಷಕ್ಕೆಂದು ಮೈಕ್ರೋಸಾಫ್ಟ್ 8ರಂದು ಬಿಟ್ಟ ತೇಪೆ, ಝೋನ್‌ಅಲಾರ್ಮ್ ಎಂಬ ಉಚಿತ ಫೈರ್‌ವಾಲ್ ಜೊತೆ ಕೂಡಿಬರದೆ, ಜಗತ್ತಿನಾದ್ಯಂತ ಅದನ್ನು ಹಾಕಿಕೊಂಡಿದ್ದವರ ನೆಟ್ ಒಮ್ಮೆಗೇ ನಿಂತಿತು. ಲೈಟು, ತಂತಿ, ಐಪಿ ಎಲ್ಲ ಸರಿ. ಝೋನ್‌ಅಲಾರ್ಮ್‌ನ ಭದ್ರತೆಯನ್ನು 'ಹೈ'ನಿಂದ 'ಮೀಡಿಯಂ'ಗೆ ಇಳಿಸಿದರೆ ನೆಟ್ ಬರುತ್ತಿತ್ತು. ಒಂದೇ ಯಂತ್ರಕ್ಕೆ ಎರಡೆರಡು ಫೈರ್‌ವಾಲ್ ಹಾಕುವ ಚಟವೂ ಇಂಥದ್ದೇ ಗೋಳು ತರುತ್ತಿತ್ತು.

ಎಕ್ಸ್‌ಪಿಗೆ ಕಂಪನಿಯ ಆಸರೆ ತಪ್ಪಿದ್ದು 2014ರ ಏಪ್ರಿಲ್ 8ರಂದು. ಈಗ ಹಳೇ ಯಂತ್ರ ನೆಟ್‌ಗೆ ಸೇರುತ್ತದೆ, ತಾಣಗಳು ಮಾತ್ರ ತೆರೆಯುವುದಿಲ್ಲ. ಮದರ್‌ಬೋರ್ಡಿನ ಗುಂಡು ಬ್ಯಾಟರಿ ಸತ್ತು ತಾರೀಖು ಹಿಂದಕ್ಕೆ ಹೋಗಿದ್ದರೆ ಬ್ರೌಸರ್ ಪ್ರತಿ ತಾಣದ ಪ್ರಮಾಣಪತ್ರವನ್ನೂ ಅನುಮಾನಿಸುತ್ತದೆ. ತಾರೀಖು ಸರಿಪಡಿಸಿದರೂ ಎಲ್ಲ ತಾಣಗಳೂ ಬರುವುದಿಲ್ಲ. ತಾಣಗಳಿಗೆ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ನಂಬಿಕೊಂಡಿದ್ದ ಹಳೆಯ ಮೂಲ ಪ್ರಮಾಣಪತ್ರದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿದ ಮೇಲೆ, ಅಪ್‌ಡೇಟ್ ಕಾಣದ ಯಂತ್ರಗಳಿಗೆ ಲೆಕ್ಕವಿಲ್ಲದಷ್ಟು ತಾಣಗಳ ಬಾಗಿಲು ಮುಚ್ಚಿತು.

ಹಾಗೆಂದು ಡಿಟಿಪಿ ಅಂಗಡಿಯವರು ಅವನ್ನು ಗುಜರಿಗೆ ಹಾಕಿಲ್ಲ. ನುಡಿ ತಂತ್ರಾಂಶದಲ್ಲಿ ಟೈಪಿಸಿ ಪೇಜ್‌ಮೇಕರ್‌ನಲ್ಲಿ ಲಗ್ನಪತ್ರಿಕೆ ಜೋಡಿಸಲು ಎಕ್ಸ್‌ಪಿ ಸಾಕು. ನೆಟ್ ತಂತಿ ಕಿತ್ತಿಟ್ಟು, ಫೈಲನ್ನು ಪೆನ್‌ಡ್ರೈವಿನಲ್ಲಿ ಪಕ್ಕದ ಹೊಸ ಯಂತ್ರಕ್ಕೆ ಹಾಕಿ ಅಲ್ಲಿಂದ ಪ್ರೆಸ್ಸಿಗೆ ಮೇಲ್ ಮಾಡುತ್ತಾರೆ. ಪೆನ್‌ಡ್ರೈವಿನಲ್ಲಿ ಬರುವ ವೈರಸ್ಸನ್ನು ಫೈರ್‌ವಾಲ್ ತಡೆಯದ ಕಾರಣ, ಮೊದಲು ಸ್ಕ್ಯಾನ್ ಮಾಡಿಯೇ ತೆರೆಯುತ್ತಾರೆ.