ತಂಬಿಗಿಗೆ ಮುಡಿಸಿದ ಹೂವು

ಹೋದ ತಿಂಗಳು ಹೊಸಪೇಟೆಯಾಗ ನಮ್ಮ ಬೀಗರ ಮನಿ ಗೃಹಪ್ರವೇಶ ಇತ್ತು. ನಿಮ್ಮಲ್ಲಿ ಸುಮಾರು ಮಂದಿ ಬಂದಿದ್ರಿ. ಬಾಗಿಲಿಗೆ ಮಾವಿನ ತೋರಣ, ಚೆಂಡು ಹೂವಿನ ಮಾಲಿ ಯಾವತ್ತಿನಂಗ ಇದ್ದವು. ಹಾಲ್‌ನಾಗ ಮಾತ್ರ ಎಲ್ಲಾ ಹೊಸ ನಮೂನಿ. ಟೀಪಾಯಿ ಮ್ಯಾಲೆ ಗಾಜಿನ ಹೂದಾನಿ, ಅದರಾಗ ನಾಲ್ಕು ಕೇಸರಿ ಜರ್ಬೆರಾ, ಪಕ್ಕಕ್ಕ ಉದ್ದನ ಒಂದು ಒಣ ಕಡ್ಡಿ. ಅಷ್ಟೇ. ನನ್ನ ಬಾಜು ನಿಂತಿದ್ದ ಹಿರಿಯಾಕಿ ಒಬ್ರು ಅಂದ್ರು:

"ಹೂವು ಅಂದ್ರ ದೇವರಿಗೆ, ಇಲ್ಲಾ ತುರುಬಿಗೆ. ಟೀಪಾಯಿಗೆ ಹೂ ಮುಡಿಸೋದು ಯಾವ ಪದ್ಧತಿನವ್ವ?"

ಎಲ್ರೂ ನಕ್ಕರು, ನಾನೂ ನಕ್ಕೆ. ಒಳಗಿನ ಕೋಣಿ ಬಾಗಿಲಾಗ ಕುಂತಿದ್ದ ನಮ್ಮ ಕಂಪ್ಲಿ ದೊಡ್ಡಮ್ಮ ಮಾತ್ರ ನಗಲಿಲ್ಲ. ಅದು ಯಾಕಂತ ಕಡೀಗೆ ಹೇಳ್ತೀನಿ. ಮೊದಲು ಈ "ಪದ್ಧತಿ" ಅನ್ನೋದು ಎಷ್ಟು ಹಳೇದು ಅಂತ ನೋಡೋಣ. ನಾನು ಓದಿದ್ದು ಪಿಯುಸಿ ತನಕ. ಆದ್ರ ಹಂಪಿ ನಮ್ಮ ಹಿತ್ತಲಾಗ ಇದ್ದಂಗ ಐತಿ. ಕಣ್ಣು ಬಿಟ್ಟು ನೋಡಿದ್ರ ಬೇಕಾದಷ್ಟು ತಿಳೀತದ.

1443ರಲ್ಲಿ ಪರ್ಷಿಯಾ ಕಡಿಯಿಂದ ಅಬ್ದುಲ್ ರಜಾಕ್ ಅನ್ನೋ ರಾಯಭಾರಿ ವಿಜಯನಗರಕ್ಕ ಬಂದಿದ್ದ. ಆಗ ಪ್ರೌಢದೇವರಾಯನ ಕಾಲ. ಈ ಊರಾಗ ಎಲ್ಲಿ ನೋಡಿದ್ರೂ ಗುಲಾಬಿ ಮಾರ್ತಾರ, ಹೂವಿಲ್ಲದ ಈ ಮಂದಿಗೆ ಬದುಕೇ ಇಲ್ಲ, ಊಟದಷ್ಟೇ ಹೂವೂ ಬೇಕು ಅನ್ನೋ ಅರ್ಥದಾಗ ಬರ್ದಿಟ್ಟಾನ. ಬೆಳಿಗ್ಗಿ ಹೂವಿನಾಕಿ ಬರೋದು ಅರ್ಧ ತಾಸು ತಡ ಆದ್ರ ನಾವು ಬಾಗಿಲಿಗೂ ಅಡಿಗಿ ಮನಿಗೂ ಓಡಾಡ್ತೀವಲ್ಲ, ಆ ಚಡಪಡಿಕಿಗೆ ಹತ್ತಹತ್ರ ಆರುನೂರು ವರ್ಷ ಆತು ನೋಡ್ರಿ.

ಆಮ್ಯಾಲೆ ಸುಮಾರು 1520ರಾಗ ಕೃಷ್ಣದೇವರಾಯನ ಕಾಲಕ್ಕ ಪೋರ್ಚುಗೀಸರ ಡೊಮಿಂಗೊ ಪಾಯೆಸ್ ಬಂದ. ಅವನು ಮಹಾನವಮಿ ನೋಡಿ ಬರ್ದದ್ದು ಓದಿದ್ರ ಕಣ್ಣಿಗೆ ಕಟ್ಟತದ. ಸಿಂಗಾರ ಮಾಡಿದ 11 ಕುದುರಿ, ಹಿಂದ 4 ಆನಿ. ಒಬ್ಬ ಬ್ರಾಹ್ಮಣ ಬುಟ್ಟಿ ತುಂಬ ಬಿಳಿ ಗುಲಾಬಿ ತಂದ್ರ, ರಾಯ ಮೂರು ಹಿಡಿ ತುಂಬಿ ಕುದುರಿಗಳ ಮ್ಯಾಲೆ ಎರಚ್ತಾನ. ಅರಮನಿಯಾಗ ಒಂದು ಕೋಣಿ ಪೂರಾ ದಂತದ್ದು, ಅದರ ಕಂಬದ ಮ್ಯಾಲೆ ಗುಲಾಬಿ, ಕಮಲ ಎಲ್ಲಾ ದಂತದಾಗ ಕೆತ್ತ್ಯಾರ ಅಂತನೂ ಹೇಳ್ಯಾನ. ಅಂದ್ರ ಮನಿ ಅಲಂಕಾರಕ್ಕ ಹೂವಿನ ಚಂದ ತರೋದು ನಮ್ಮಲ್ಲಿ ಆಗಲೇ ಇತ್ತು. ಇದ್ದದ್ದು ರಾಯರ ಮನಿಯಾಗ, ಅಷ್ಟೇ.

ಹಂಪಿಗೆ ಹೂವು ಎಲ್ಲಿಂದ ಬರ್ತಿತ್ತು ಅಂದ್ರ ನಮ್ಮ ಕಡಿ ಮಂದಿ ಹೂವಿನ ಹಡಗಲಿ ಕಡಿ ಕೈ ತೋರಿಸ್ತಾರ. ತುಂಗಭದ್ರೆಯಾಗ ಹಡಗಿನ ಮ್ಯಾಲೆ ವಿರೂಪಾಕ್ಷಗ ಹೂವು ಬರ್ತಿತ್ತು, ಅದಕ್ಕ ಆ ಹೆಸರು ಅಂತ ಕತಿ. ಕತಿ ಚಂದ ಐತಿ. ಆದ್ರ ವಿಜಯನಗರ ಹುಟ್ಟೋಕಿಂತ ಮೊದಲಿನ ಚಾಲುಕ್ಯರ ಕಾಲದ ಶಾಸನದಾಗೇ ಆ ಊರಿಗೆ "ಪೂವಿನ ಪಡಂಗಿಲೆ" ಅನ್ನೋ ಹೆಸರು ಸಿಗತದ. ಊರಿಗೆ ಹೂವಿನ ಹೆಸರು ಬಿದ್ದದ್ದು ಮೊದಲು, ನಮ್ಮ ರಾಜಧಾನಿ ಬಂದದ್ದು ಆಮ್ಯಾಲೆ. ಹಡಗಲಿ ಮಲ್ಲಿಗಿಗೆ ಈಗ ಜಿಐ ಟ್ಯಾಗ್ ಐತಿ.

ಈಗ ಬಾಗಿಲಿಗೆ ಕಟ್ಟಿದ ಚೆಂಡು ಹೂವಿಗೆ ಬರ್ರಿ. ದಸರಾ, ದೀಪಾವಳಿಗೆ ಚೆಂಡು ಹೂವಿಲ್ಲದ ಬಾಗಿಲು ನಾವು ನೆನೆಸೋಕೂ ಆಗಲ್ಲ. ಆದ್ರ ಈ ಚೆಂಡು ಹೂವು ನಮ್ಮದಲ್ಲ! ಅದರ ತವರು ಅಮೆರಿಕಾ ಖಂಡದ ಮೆಕ್ಸಿಕೊ ಕಡಿ. ಕೊಲಂಬಸ್ ಆ ಕಡಿ ಹೋದದ್ದು 1492ರಲ್ಲಿ. ರಜಾಕ್ ಬಂದಾಗ ಹಂಪಿಯ ಯಾವ ಬಾಗಿಲಿಗೂ ಚೆಂಡು ಹೂವು ಇರಲಿಲ್ಲ. ಮದುವಿ ಹಾರದ ಸುಗಂಧರಾಜನೂ ಮೆಕ್ಸಿಕೊದ್ದೇ. ಕಾಂಪೌಂಡ್ ಮ್ಯಾಲೆ ಹಬ್ಬೋ ಕಾಗದದ ಹೂವು ದಕ್ಷಿಣ ಅಮೆರಿಕಾದ್ದು. ಜರ್ಬೆರಾ ಆಫ್ರಿಕಾದ್ದು. ಮೊದಲು ಬಂದವರು ಸಂಪ್ರದಾಯ ಆದ್ರು, ಕಡೀಗೆ ಬಂದಾಕಿ ಜರ್ಬೆರಾ "ಫ್ಯಾಷನ್" ಅನ್ನಿಸಿಕೊಂಡ್ಲು.

ಹೂದಾನಿನಾದ್ರೂ ಪರದೇಶದ್ದಾ? ಹಂಪಿಯ ಕೃಷ್ಣ ಗುಡಿಗೋ ವಿಜಯವಿಠ್ಠಲ ಗುಡಿಗೋ ಹೋದಾಗ ಹೊರಗೋಡಿ ನೋಡ್ರಿ. ಕೊಡದಂಥ ಪಾತ್ರಿ, ಅದರ ಬಾಯಿಂದ ಎಲಿ ಬಳ್ಳಿ ಹೊರಗ ಬಂದು, ಒಂದು ಕಂಬ ಮ್ಯಾಲಕ್ಕ ಎದ್ದಿರತದ. ಅದಕ್ಕ ಕುಂಭಪಂಜರ ಅಂತಾರ. ಕಂಬದ ತುದಿಯಾಗ ಕೆಳಗ ಬಾಗಿದ ಮೊಗ್ಗು ಐತಲ್ಲ, ಅದು ಪುಷ್ಪಪೋತಿಕೆ. ಕಂಪ್ಲಿ ಮಂದಿಗೆ ನೋಡಿದ ಕೂಡಲೆ ಬಾಳಿ ಹೂವು ನೆನಪಾಗತದ. ನಾವು ಪೂಜಿಗಿಡೋ ಕಳಸನೂ ನೀರು ತುಂಬಿ ಎಲಿ ಇಟ್ಟ ಪಾತ್ರಿನೇ ಅಲ್ಲೇನು?

ನೀರಿನ ಪಾತ್ರಿಯಾಗ ಹೂವು ನಿಲ್ಲಿಸೋದನ್ನ ಒಂದು ದೊಡ್ಡ ವಿದ್ಯೆ ಮಾಡಿದವರು ಜಪಾನಿನವರು. ಇಕೆಬಾನ ಅಂತಾರ. ಅಲ್ಲೂ ಅದು ಶುರು ಆದದ್ದು ಬುದ್ಧನ ಮುಂದ ಹೂವಿಡೋದರಿಂದ. ರಜಾಕ್ ಹಂಪಿಗೆ ಬಂದ 19 ವರ್ಷಕ್ಕ, 1462ರಲ್ಲಿ, ಕ್ಯೋಟೊ ಊರಾಗ ಇಕೆನೊಬೊ ಸೆಂಕೆ ಅನ್ನೋ ಸನ್ಯಾಸಿ ಹೂವು ಜೋಡಿಸಿದ್ರ ಊರ ಮಂದಿ ನೋಡಾಕ ಬಂದರಂತ. ಬಾಳ ಕಾಲ ಅದು ಹೆಚ್ಚಾಗಿ ಗಂಡಸರ ವಿದ್ಯೆನೇ. 1868ರ ನಂತರ, ಮೇಜಿ ಕಾಲದಾಗ, ಹೆಣ್ಣುಮಕ್ಕಳ ಸಾಲಿಯಾಗ ಕಲಿಸಾಕ ಹತ್ತಿದ ಮ್ಯಾಲೆ ಹೆಂಗಸರ ಕೈಗೆ ಬಂತು. 1927ರಲ್ಲಿ ತೆಶಿಗಹರ ಸೊಫು ಅನ್ನೋರು ಸೊಗೆತ್ಸು ಅನ್ನೋ ಹೊಸ ಶಾಲಿ ಕಟ್ಟಿ, ಯಾರು ಬೇಕಾದ್ರೂ, ಎಲ್ಲಿ ಬೇಕಾದ್ರೂ, ಯಾವ ವಸ್ತುವಿನಿಂದಾದ್ರೂ ಮಾಡಬಹುದು ಅಂದ್ರು. ಒಣ ಕಡ್ಡಿಗೆ ಮರ್ಯಾದಿ ಬಂದದ್ದು ಹಿಂಗ. ಬೆಂಗಳೂರಿನ ಲಾಲ್‌ಬಾಗ್ ಫ್ಲವರ್ ಶೋದಾಗ ಇಕೆಬಾನ ಸ್ಪರ್ಧೆ ಇಡ್ತಾರ. ಹಂಪಿ ಉತ್ಸವದಾಗೂ ಫಲಪುಷ್ಪ ಪ್ರದರ್ಶನ ಇರತದ, ನೀವೂ ನೋಡಿರ್ತೀರಿ.

"ಯಾರು ಬೇಕಾದ್ರೂ" ಅನ್ನೋ ಆ ಮಾತಿಗೇ ನಾನು ದೊಡ್ಡಮ್ಮನ ಸುದ್ದಿ ತಂದದ್ದು.

ನಮ್ಮ ಹೂವಿನ ಲೆಕ್ಕ ನೋಡ್ರಿ. ಮೊಳ, ಮಾರು ಅಂತ ಅಳೀತೀವಿ, ಕಟ್ಟಿ ಮುಡೀತೀವಿ. ಮುಡಿಯೋಕಿಂತ ಮೊದಲು ಒಂದು ಪ್ರಶ್ನೆ ಐತಿ: ಇಕಿ ಮುತ್ತೈದಿ ಹೌದೋ ಅಲ್ಲೋ? ದೊಡ್ಡಮ್ಮ ದಂಡಿ ಕಟ್ಟಿದ್ರ ಕಂಪ್ಲಿಯಾಗ ಹೆಸರು. ಮಲ್ಲಿಗಿ, ಕನಕಾಂಬರ, ನಡುವ ಮರುಗ, ಒಂದು ಎಸಳು ಆ ಕಡಿ ಈ ಕಡಿ ಇಲ್ಲ. 1978ರಾಗ ದೊಡ್ಡಪ್ಪ ತೀರಿಕೊಂಡಾಗ ಆಕಿಗೆ ಮೂವತ್ತೂ ತುಂಬಿರಲಿಲ್ಲ. ಅವತ್ತಿನಿಂದ ಮುಡಿಯೋದು ಹೋತು. ಮದುವಿ ಮನಿಯಾಗ ಹೂವು ಕಟ್ಟಾಕ ಕರೆಯೋದೂ ನಿಂತಿತು.

ಆಗ ನಾವು ಟಿ.ಬಿ. ಡ್ಯಾಂ ಕಾಲೋನಿಯಾಗ ಇದ್ವಿ. ಡ್ಯಾಂ ಕೆಲಸಕ್ಕ ಅಂತ ಎಲ್ಲೆಲ್ಲಿಂದಲೋ ಬಂದ ಮಂದಿ ಅಲ್ಲಿ ಇದ್ರು. ದೊಡ್ಡಮ್ಮ ನಮ್ಮ ಮನಿಗೆ ಬಂದಾಗ, ಬಾಜು ಮನಿ ಮೇಡಂ ತಮ್ಮ ಮೇಜಿನ ಮ್ಯಾಲೆ ಪಿಂಗಾಣಿ ಹೂದಾನಿಯಾಗ ಹೂವು ಇಡೋದು ನೋಡಿದ್ಲು. ಊರಿಗೆ ಹೋದಾಕಿ ಒಂದು ಹಿತ್ತಾಳಿ ತಂಬಿಗಿಗೆ ಹೊಳಿ ಉಸುಕು ತುಂಬಿ ನೀರು ಹಾಕಿ, ಒಂದು ಕಬ್ಬಿನ ಸೂಲಂಗಿ, ಎರಡು ಕಣಗಿಲಿ ಟೊಂಗಿ ನೆಟ್ಟು ಪಡಸಾಲಿ ಗೂಡಿನಾಗ ಇಟ್ಲು. ಅಜ್ಜಿ ನೋಡಿ, "ನಿನ್ನ ಹೂವಿನ ಹುಚ್ಚು ಇನ್ನೂ ಹೋಗಿಲ್ಲೇನು?" ಅಂತ ಬೈದ್ಲಂತ. ದೊಡ್ಡಮ್ಮ ಅಂದದ್ದು ಇಷ್ಟೇ: "ತಂಬಿಗಿಗೆ ಮುಡಿಸೀನಿ ಅತ್ತಿ, ನನಗಲ್ಲ."

ಅಜ್ಜಿ ಮತ್ತ ಮಾತಾಡಲಿಲ್ಲ. ಆ ಗೂಡು ಅವತ್ತಿನಿಂದ ಖಾಲಿ ಇದ್ದದ್ದು ನಾನು ನೋಡಿಲ್ಲ. ಬ್ಯಾಸಿಗಿಯಾಗ ಹೂವಿಲ್ಲದಾಗ ಸಂಡೂರು ಗುಡ್ಡದ ಒಣ ಹುಲ್ಲು ಯಾರಾದ್ರೂ ತಂದುಕೊಟ್ರ ಅದನ್ನೇ ಇಡ್ತಿದ್ಲು. ಇಕೆಬಾನ ಅನ್ನೋ ಹೆಸರು ಆಕಿ ಕೇಳಿರಲೂ ಇಲ್ಲ.

ಅದಕ್ಕ ಗೃಹಪ್ರವೇಶದಾಗ ಆಕಿ ನಗಲಿಲ್ಲ. ಇನ್ನೊಂದು ಕಾರಣನೂ ಐತಿ, ಹೇಳಾಕ ನನಗ ನಾಚಿಕಿ. ಅವತ್ತು ಹೂವು, ಅರಿಷಿಣ ಕುಂಕುಮದ ತಟ್ಟಿ ಹಿಡಿದು ಹೆಂಗಸರಿಗೆಲ್ಲಾ ಹಂಚಿದಾಕಿ ನಾನೇ. ದೊಡ್ಡಮ್ಮನ ಮುಂದ ಬಂದಾಗ ತಟ್ಟಿ ಪಕ್ಕಕ್ಕ ಸರಿಸಿ ಮುಂದ ಹೋದೆ. ಆಕಿನೇ ಕಾಲು ಮಡಚಿ ನನಗ ದಾರಿ ಬಿಟ್ಲು. ಇಷ್ಟೆಲ್ಲಾ ಚರಿತ್ರೆ ಓದಿದಾಕಿ ಮಾಡಿದ್ದು ಇದು!

ಊಟ ಆದ ಮ್ಯಾಲೆ ದೊಡ್ಡಮ್ಮ ಹಾಲ್‌ಗೆ ಬಂದು ಆ ಒಣ ಕಡ್ಡಿನ ಒಂದು ಚೂರು ಓರಿ ಮಾಡಿ, "ಈಗ ಉಸಿರಾಡಾಕ ಜಾಗ ಆತು" ಅಂದ್ಲು. ಖರೇನೇ, ಅಲಂಕಾರನೇ ಬ್ಯಾರೆ ಆಗಿ ಕಂಡಿತು.

ನೀವೂ ಮಾಡಿ ನೋಡ್ರಿ. ದುಡ್ಡು ಬೇಕಾಗಿಲ್ಲ. ದಂಟಿನ ತುದಿ ಓರಿಯಾಗಿ ಕತ್ತರಿಸ್ರಿ, ನೀರಾಗ ಮುಳುಗೋ ಎಲಿ ತಗೀರಿ, ದಿನಾ ನೀರು ಬದಲಿಸ್ರಿ. ಅಂಗಡಿಯಾಗ ಸಿಗೋ ಹಸಿರು ಸ್ಪಂಜ್ ಬ್ಯಾಡ. 1954ರಾಗ ಅಮೆರಿಕಾದಾಗ ಬಂದ ಆ ವಸ್ತು ಒಂದು ಥರ ಪ್ಲಾಸ್ಟಿಕ್ಕೇ, ಮಣ್ಣಾಗ ಕರಗಲ್ಲ. ಹೊಳಿ ಉಸುಕು, ನಾಲ್ಕು ಹರಳು ಸಾಕು.

ಬರೋ ಶ್ರಾವಣದ ಶುಕ್ರವಾರ ನಮ್ಮ ಮನಿಗೆ ಬರ್ರಿ. ತಟ್ಟಿ ನಾನೇ ಹಿಡೀತೀನಿ. ಮೊದಲನೇ ಮೊಳ ಹೂವು ದೊಡ್ಡಮ್ಮನ ಕೈಗೆ ಕೊಡ್ತೀನಿ. ಆಕಿ ಮುಡೀತಾಳೋ, ತಂಬಿಗಿಗೆ ಮುಡಿಸ್ತಾಳೋ, ಅದು ಆಕಿ ಇಷ್ಟ.